ಎಲ್ಲಾ ಸರಿ ಐತೆ

ಸೆಪ್ಟೆಂಬರ್ 14, 2025. ಹಿರಿಯೂರು

ಏಕಾಂತಮ್ಮ ಈ ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದಳು. "ಬಯ್ಯಾದಿದ್ರೆ ಇದ್ರಾಗೆ ಬಯ್ಕಳ್ರಿ. ನನ್ನ ಕಿವಿಗೂ ವಯಸ್ಸಾತು" ಅಂದಳು. ಡಾಕ್ಟರು ಬಿಪಿ ನೋಡಿ ಸಿಟ್ಟು ಕಮ್ಮಿ ಮಾಡಿ ಅಂದಿದ್ದಾರೆ. ಅವರಿಗೇನು, ಅವರಿಗೆ ಸುಷ್ಮಿತಾ ಬರೆಯುವುದಿಲ್ಲವಲ್ಲ.

ಹೆಂಡತಿಗೆ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಒಂದು ಸಲ ಬರೆದು ಮುಗಿಸುತ್ತೇನೆ. ಹಗೇವು ನನ್ನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರೇಡಿಯೋ ಬಿಚ್ಚಿದವನು, ಟಿವಿ ಬಿಚ್ಚಿದವನು, ಆಮೇಲೆ ಕಂಪ್ಯೂಟರ್ ಬಿಚ್ಚಿ ಬಿಚ್ಚಿ ಕಲಿತು, ಡಿಸ್ಕು ಸತ್ತರೂ ಒಳಗಿನ ಮಾಲು ಸಾಯದಂತೆ ನೋಡಿಕೊಳ್ಳುವ ಪ್ರೋಗ್ರಾಂ ಬರೆದೆ. ನಮ್ಮ ಹಿರಿಯರು ನೆಲ ತೋಡಿ ರಾಗಿ ತುಂಬಿಡುತ್ತಿದ್ದ ಹಗೇವಿನ ಹೆಸರನ್ನೇ ಇಟ್ಟೆ. ಡಿಸ್ಕುಗಳನ್ನು ಎರಡೆರಡು ಜೋಡಿ ಮಾಡಿ, ಒಂದರಲ್ಲಿದ್ದದ್ದನ್ನು ಇನ್ನೊಂದರಲ್ಲೂ ಇಡುತ್ತದೆ. ಒಂದು ಸತ್ತರೆ ಹೊಸದು ಹಾಕಿದರಾಯಿತು, ಜೊತೆಯದನ್ನು ನೋಡಿ ತಾನೇ ನಕಲು ಮಾಡಿಕೊಳ್ಳುತ್ತದೆ. ಏನೂ ಕೇಳುವುದಿಲ್ಲ. ಕೇಳಿದರೆ ನಮ್ಮ ಜನ ಗಾಬರಿಯಾಗಿ ಯಾವುದೋ ಗುಂಡಿ ಒತ್ತುತ್ತಾರೆ. ಕೆಲಸ ಮುಗಿದ ಮೇಲೆ 'ಎಲ್ಲಾ ಸರಿ ಐತೆ' ಎಂದು ತೋರಿಸುತ್ತದೆ. ಮಾರಲಿಲ್ಲ. ಯಾರು ಬೇಕಾದರೂ ತಗೊಂಡು ತಿದ್ದಿಕೊಂಡು ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟೆ. ಸ್ಟುಡಿಯೋದವರು, ಕೇಬಲ್‌ನವರು, ಕಾಲೇಜಿನವರು ಬಳಸುತ್ತಾರೆ. ಆದರೆ ಮೂಲ ಪ್ರತಿಗೆ ಯಾವ ತಿದ್ದುಪಡಿ ಸೇರಬೇಕು, ಯಾವುದು ಬೇಡ ಅನ್ನುವವನು ನಾನೊಬ್ಬನೇ.

ಈ ಸುಷ್ಮಿತಾ ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು. ಮುಖ ನೋಡಿಲ್ಲ. ಹಗೇವು ಡಿಸ್ಕನ್ನು ಗುರುತಿಸುವುದು ಅದು ಕೂತ ಖಾನೆಯಿಂದ. ಅದು ತಪ್ಪಂತೆ. ಪ್ರತಿ ಡಿಸ್ಕಿಗೂ ಕಂಪನಿ ಕೊಟ್ಟ ನಂಬರ್ ಇರುತ್ತದೆ, ಅದನ್ನು ಓದಿ ಗುರುತಿಸಬೇಕಂತೆ. ತಿದ್ದುಪಡಿ ಬರೆದು ಕಳಿಸಿದ್ದಾಳೆ. ಕೆಳಗೆ ಒಂದು ಪಾಠ ಬೇರೆ: "ಆಯುಧಪೂಜೆ ಬರ್ತಾ ಐತೆ ಸರ್. ನಮ್ಮ ಜನ ಎಲ್ಲ ಬಿಚ್ಚಿ, ಒರೆಸಿ, ಕುಂಕುಮ ಇಟ್ಟು ವಾಪಸ್ ಹಾಕ್ತಾರೆ. ಖಾನೆ ಅದಲು ಬದಲಾದ್ರೆ ಏನ್ ಗತಿ? ನೀವು ಮನುಷ್ಯರನ್ನ ಮುಖ ನೋಡಿ ಗುರುತು ಹಿಡೀತೀರಾ, ಕುಂತ ಜಾಗ ನೋಡಿ ಹಿಡೀತೀರಾ?"

ಉತ್ತರ ಹಾಕಿದೆ. "ನಮ್ಮ ಕಡೆ ಕುಂತ ಜಾಗ ನೋಡೇ ಗುರುತು ಹಿಡಿಯೋದು. ಡಿಸ್ಕು ಬಿಚ್ಚಿ ಒರೆಸೋ ಮೂರ್ಖರಿಗೆ ನಾನು ಪ್ರೋಗ್ರಾಂ ಬರೆದಿಲ್ಲ. ಬ್ಯಾಡ."

ಬಿಪಿ ಇಳಿದ ಹಾಗಾಯಿತು.

ಸೆಪ್ಟೆಂಬರ್ 19

ಹೊಸದುರ್ಗಕ್ಕೆ ಹೋಗಿ ಬಂದೆ. ಪ್ರಸನ್ನಕುಮಾರನ ಸ್ಟುಡಿಯೋದಲ್ಲಿ ಒಂದು ಫ್ಯಾನು ಗರಗರ ಅನ್ನುತ್ತಿತ್ತು, ಬದಲಾಯಿಸಿದೆ. ಹಗೇವನ್ನು ಮೊಟ್ಟಮೊದಲು ಕೂರಿಸಿದ್ದು ಅಲ್ಲಿಯೇ. ನಾಲ್ಕು ಖಾನೆಯ ಡಿಸ್ಕು ಡಬ್ಬಿ. ಮೇಲಿನ ಎರಡರಲ್ಲಿ ಈಚಿನ ಮದುವೆಗಳ ವಿಡಿಯೋ, ಕೆಳಗಿನ ಎರಡರಲ್ಲಿ ಹಳೆಯವು.

ಅವನ ತಾಯಿ ನಿಂಗಕ್ಕ ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಶ್ರಾವಣದಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ತಾಲ್ಲೂಕಿನಲ್ಲಿ ಯಾರ ಮನೆ ಮದುವೆಯಾದರೂ ಅರಿಶಿನ ಹಚ್ಚುವಾಗ ಸೋಬಾನೆಗೆ ಅವಳೇ ಬೇಕಿತ್ತು. ಡಿಜೆ ಬಂದ ಮೇಲೆ ಯಾರೂ ಕರೆಯಲಿಲ್ಲ, ಅದು ಬೇರೆ ಮಾತು. ನನಗೆ ಎದುರು ನಿಂತು ಬಯ್ಯುವ ಹೆಂಗಸರು ಈ ಜಿಲ್ಲೆಯಲ್ಲಿ ಇಬ್ಬರೇ ಇದ್ದರು. ಈಗ ಒಬ್ಬಳು ಉಳಿದಿದ್ದಾಳೆ, ಅವಳು ಮನೆಯಲ್ಲೇ ಇದ್ದಾಳೆ.

"ಅವ್ವನ ಹಾಡು ಎಲ್ಲೂ ಬ್ಯಾರೆ ರೆಕಾರ್ಡ್ ಮಾಡಿಲ್ಲ ಮೂರ್ತಪ್ಪಣ್ಣ" ಅಂದ ಪ್ರಸನ್ನ. "ಆ ಹಳೇ ಮದುವೆಗಳಾಗೇ ಇರೋದು. ದೀಪಾವಳಿ ಆಗ್ಲಿ, ಕುಂತು ಒಂದೊಂದೇ ಹಾಡು ಬ್ಯಾರೆ ಮಾಡ್ತೀನಿ. ದನಿ ಹೋದ್ರೂ ಕೇಳಾಕಾದ್ರೂ ಇರ್ಲಿ."

"ಈಗ್ಲೇ ಮಾಡಾಕೆ ಏನಲೇ ರೋಗ?"

"ಹಬ್ಬದ ಕೆಲಸ ತಲೆ ಮ್ಯಾಲೈತಣ್ಣ. ಎಲ್ಲಿಗೆ ಓಡಿ ಹೋಗ್ತಾವೆ? ನಿಮ್ಮ ಹಗೇವ್ನಾಗೆ ಅವೆ."

ಅದು ಸರಿ ಅಂದೆ.

ಅಕ್ಟೋಬರ್ 1. ಆಯುಧಪೂಜೆ

ಏಕಾಂತಮ್ಮ ಮಿಕ್ಸಿಗೆ, ಸ್ಕೂಟರಿಗೆ, ಇಳಿಗೆ ಮಣೆಗೆ ಕುಂಕುಮ ಇಟ್ಟು ನನ್ನ ಕಂಪ್ಯೂಟರ್ ಕಡೆ ಬಂದಳು. ಹೊರಗಿನಿಂದ ಇಡು, ಒಳಗೆ ಕೈ ಹಾಕಬೇಡ ಅಂದೆ. "ನನಗೇನು ಅದರೊಳಗೆ ಬದುಕು ಐತಾ?" ಅಂದು ಹೋದಳು.

ಸಂಜೆ ಪ್ರಸನ್ನನ ಫೋನು. ಪೂಜೆ ಮುಗಿಸಿ ಹಗೇವು ಚಾಲೂ ಮಾಡಿದನಂತೆ. ನಕಲು ಆಗುತ್ತಿದೆ ಎಂದು ತೋರಿಸುತ್ತಿದೆಯಂತೆ.

"ಲೈಟು ಬಿಡದೆ ಮಿಣುಕ್ತಾ ಅವೆ ಅಣ್ಣ. ಯಾಕೆ? ಪ್ಲಗ್ ಕೀಳ್ಲಾ?"

"ಮುಟ್ಟಬ್ಯಾಡ. ಅದರ ಪಾಡಿಗೆ ಅದು ಮಾಡ್ಕಂತೈತೆ."

"ಅಲ್ಲಣ್ಣ, ಪೂಜೆಗೆ ಅಂತ ನಾನು..."

"ಲೇ, ಹೇಳಿದ್ದು ಕೇಳು. ಮುಟ್ಟಬ್ಯಾಡ ಅಂದ್ರೆ ಮುಟ್ಟಬ್ಯಾಡ."

ಇಟ್ಟುಬಿಟ್ಟೆ. ಹಬ್ಬದ ಊಟಕ್ಕೆ ಕೂತಿದ್ದೆ. ಆಮೇಲೆ ಪರದೆಯ ಫೋಟೋ ಕಳಿಸಿದ. 'ಎಲ್ಲಾ ಸರಿ ಐತೆ.' ಇಷ್ಟಕ್ಕೆ ಇಷ್ಟು ಗಾಬರಿ.

ಅಕ್ಟೋಬರ್ 9

ಸುಷ್ಮಿತಾ ಬೇರೆ ಒಲೆ ಹೂಡಿದ್ದಾಳೆ. ಹಗೇವನ್ನು ಪೂರ್ತಿ ನಕಲು ಮಾಡಿಕೊಂಡು, ನಾನು ಬೇಡ ಅಂದ ತಿದ್ದುಪಡಿಯನ್ನು ಅದರಲ್ಲಿ ಸೇರಿಸಿ, 'ಜೋಡಿ' ಎಂದು ಹೆಸರಿಟ್ಟು ಬಿಟ್ಟಿದ್ದಾಳೆ. ಮೊದಲ ಸಾಲಲ್ಲೇ ಬರೆದಿದ್ದಾಳೆ: 'ಇದನ್ನು ಹಿರಿಯೂರಿನ ಮೂರ್ತಪ್ಪನವರ ಕೆಲಸದ ಮೇಲೆ ಕಟ್ಟಲಾಗಿದೆ.' ಬಯ್ದಿದ್ದರೆ ವಾಸಿ ಇತ್ತು.

ಏಕಾಂತಮ್ಮನ ಮುಂದೆ ಕೂಗಾಡಿದೆ.

"ನೀವೇ ಅಲ್ವ ಯಾರು ಬೇಕಾದ್ರೂ ತಗಳ್ಳಿ ಅಂದಿದ್ದು?"

"ತಗಳ್ಳಿ ಅಂದೆ. ತಗಂಡು ಹೋಗ್ಲಿ ಅಂದ್ನಾ?"

"ತಗಂಡ ಮ್ಯಾಲೆ ಹೋಗ್ದೆ, ನಿಮ್ಮ ಮುಂದೆ ಕೈ ಕಟ್ಕಂಡು ನಿಂತ್ಕಂತಾರಾ?"

ಇವಳೂ ಅವರ ಪಾರ್ಟಿ.

ಅಕ್ಟೋಬರ್ 27

ಬೆಳಿಗ್ಗೆ ಪ್ರಸನ್ನ ಫೋನ್ ಮಾಡಿ "ಬರ್ರಿ" ಅಂದ. ಅಣ್ಣ ಅನ್ನಲಿಲ್ಲ. ಹೊಸದುರ್ಗಕ್ಕೆ ಹೊರಟೆ.

ಅಮ್ಮನ ಹಾಡು ತೆಗೆಯಲು ಕೂತನಂತೆ. ಹಳೆಯ ಮದುವೆಗಳ ಜಾಗ ತೆರೆದರೆ ಅಲ್ಲಿಯೂ ಹೊಸ ಮದುವೆಗಳು. ಕೀಬೋರ್ಡ್ ಕಿತ್ತುಕೊಂಡು ನಾನೇ ನೋಡಿದೆ. ಮೊದಲನೇ ಡಿಸ್ಕಿನಲ್ಲಿ ಹೊಸ ಮದುವೆಗಳು. ಎರಡನೆಯದರಲ್ಲೂ ಹೊಸವು. ಮೂರು, ನಾಲ್ಕು, ಅವುಗಳಲ್ಲೂ ಹೊಸವೇ. ನಾಲ್ಕರಲ್ಲೂ ಒಂದೇ ಮಾಲು. ಮೇಲೆ ಹಸಿರು ಅಕ್ಷರದಲ್ಲಿ 'ಎಲ್ಲಾ ಸರಿ ಐತೆ'.

ಒಂದೊಂದೇ ಡಿಸ್ಕು ಎಳೆದು ನೋಡಿದೆ. ನೆತ್ತಿಯ ಮೇಲೆ ಒಣಗಿದ ಕುಂಕುಮ.

"ಬಿಚ್ಚಿದ್ಯೇನಲೇ ಇವನ್ನ?"

"ಪೂಜೆಗೆ ಬಿಚ್ಚಿ ಒರೆಸಿ ಹಾಕ್ದೆ. ಪ್ರತಿ ವರ್ಷ ಹೊರಗಿಂದ ಕೈ ಮುಗೀತಿದ್ದೆ. ಈ ಸಲ ಅವ್ವನ ಹಾಡು ತೆಗೆಯೋದೈತೆ, ಚೆನ್ನಾಗಿರ್ಲಿ ಅಂತ..."

ಎರಡನೆಯದನ್ನು ಮೂರನೇ ಖಾನೆಗೆ ಹಾಕಿದ್ದಾನೆ, ಮೂರನೆಯದನ್ನು ಎರಡಕ್ಕೆ. ಹಗೇವು ನೋಡಿದೆ: ಒಂದಕ್ಕೂ ಎರಡಕ್ಕೂ ಹೊಂದುತ್ತಿಲ್ಲ. ಮೇಲಿನ ಖಾನೆಯದೇ ಸರಿ ಎಂದು ಅದನ್ನು ಕೆಳಗಿನದರ ಮೇಲೆ ಬರೆದಿದೆ. ಮೂರಕ್ಕೂ ನಾಲ್ಕಕ್ಕೂ ಹೊಂದುತ್ತಿಲ್ಲ. ಅಲ್ಲೂ ಹಾಗೆಯೇ. ಹಳೆಯ ಮದುವೆಗಳ ಎರಡು ಪ್ರತಿಯೂ ಹೋದವು. ನಾನು ಬರೆದದ್ದನ್ನು ಅದು ಬರೆದ ಹಾಗೆಯೇ ಮಾಡಿದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ.

ಹಾಗಂತ ಬಾಯಿಬಿಟ್ಟು ಹೇಳಿದೆ. ಮೂರ್ಖ ಅಂದೆ. ಒರೆಸಲು ಇದೇನು ಹಿತ್ತಾಳೆ ಚೊಂಬೇ ಅಂದೆ.

ಪ್ರಸನ್ನ ಕೂಗಲಿಲ್ಲ. "ಲೈಟು ಮಿಣುಕೋವಾಗ ಪ್ಲಗ್ ಕೀಳ್ಲಾ ಅಂತ ಕೇಳ್ದೆ. ನೀವು ಮುಟ್ಟಬ್ಯಾಡ ಅಂದ್ರಿ. ಆಗ ಅರ್ಧನಾದ್ರೂ ಇರ್ತಿತ್ತಾ?"

ಇರುತ್ತಿತ್ತು. ಆಗಷ್ಟೇ ಶುರುವಾಗಿತ್ತು, ಮುಕ್ಕಾಲು ಪಾಲು ಇರುತ್ತಿತ್ತು.

"ಹೇಳಾಕೆ ಆಗಲ್ಲ" ಅಂದೆ.

ನಿಂಗಕ್ಕ ಕುರ್ಚಿಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ. ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆ. ಬಿಡುತ್ತೇನೆ ಎಂದು ಪ್ರಸನ್ನ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್ 29

ಒಂದು ಡಿಸ್ಕು ಮನೆಗೆ ತಂದಿದ್ದೇನೆ. ಏನೂ ಸಿಗುತ್ತಿಲ್ಲ.

ನವೆಂಬರ್ 2

ಏನೂ ಇಲ್ಲ. ಹಗೇವು ನೆಲ ಒರೆಸಿದ ಹಾಗೆ ಒರೆಸಿಬಿಟ್ಟಿದೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಪ್ರೋಗ್ರಾಂ ಬರೆದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಏಕಾಂತಮ್ಮ ಕಾಫಿ ಇಟ್ಟು ಅಲ್ಲೇ ನಿಂತಳು. "ನಮ್ಮಪ್ಪ ಹಗೇವು ತೆಗೆಸಿದ್ರೆ ಮೊದ್ಲು ಹಗ್ಗಕ್ಕೆ ದೀಪ ಕಟ್ಟಿ ಒಳಾಕೆ ಬಿಡ್ತಿದ್ದ. ಒಳಗಿನ ಗಾಳಿ ಕೆಟ್ಟಿದ್ರೆ ದೀಪ ಆರ್ತೈತೆ. ಆರಿದ್ರೆ ಆಳನ್ನ ಇಳಸ್ತಿರ್ಲಿಲ್ಲ. ನಿಮ್ಮ ಹಗೇವ್ನಾಗೆ ದೀಪ ಐತಾ?"

"ನಿಮ್ಮಪ್ಪನ ಪುರಾಣ ಈಗ ಯಾಕೆ?" ಅಂದೆ.

"ಸುಮ್ನೆ ಕೇಳ್ದೆ."

ಕಾಫಿ ಆರಿಹೋಯಿತು.

ನವೆಂಬರ್ 4

ಸುಷ್ಮಿತಾಗೆ ಬರೆದೆ. ಜೋಡಿಯ ಪುಟದಲ್ಲಿ, ನಾಲ್ಕು ಜನ ನೋಡುವ ಕಡೆ. ಹೀಗೆ ಹೀಗಾಯಿತು, ಏನಾದರೂ ತೆಗೆಯಬಹುದೇ ಎಂದು. 'ನೀವು ಹೇಳಿದ್ದೇ ಆಯಿತು' ಎಂದು ಬರೆದು ಅಳಿಸಿದೆ.

ಸಂಜೆಗೆ ಉತ್ತರ ಬಂತು. ನಾನು ಹೇಳಿರಲಿಲ್ಲವೇ ಅನ್ನುತ್ತಾಳೆ ಎಂದು ಹಲ್ಲು ಕಚ್ಚಿಕೊಂಡು ತೆರೆದೆ. ಅದಿರಲಿಲ್ಲ. "ಪೂರ್ತಿ ಮ್ಯಾಲೆ ಬರೆದು ಹೋಗೈತೆ ಸರ್, ಡಿಸ್ಕಿನಾಗೆ ಏನೂ ಉಳಿಯಲ್ಲ. ಆದ್ರೆ ಮದುವೆ ಮನೆಯವ್ರಿಗೆ ಡಿವಿಡಿ ಕೊಟ್ಟಿರ್ತಾರಲ್ಲ? ಒಂದೊಂದು ಮನೇನೂ ಒಂದೊಂದು ಖಾನೆ ಅಂದ್ಕಳ್ರಿ. ಹೊಳಲ್ಕೆರೆ ಕಡೆ ನಾನು ಕೇಳ್ತೀನಿ."

ಅವಳಿಗೆ ಯಾಕೆ ಬೇಕಿತ್ತು ಇದು?

ಹಗೇವಿನ ಪುಟದಲ್ಲಿ ಒಂದು ಸಾಲು ಹಾಕಿದೆ. 'ಇದನ್ನು ಬಳಸಬೇಡಿ. ಜೋಡಿ ಬಳಸಿ.' ಹದಿನೈದು ವರ್ಷದ ಕೆಲಸಕ್ಕೆ ನಾಲ್ಕು ಪದ ಸಾಕಾಯಿತು.

ನವೆಂಬರ್ 12

ಹೊಸದುರ್ಗದ ಕಡೆ ಪ್ರಸನ್ನ ನೋಡುತ್ತಾನೆ, ಹಿರಿಯೂರಿನ ಕಡೆ ನಾನು. ನಿಂಗಕ್ಕ ಹಾಡಿದ್ದ ಮದುವೆ ಮನೆಗಳನ್ನು ಅವನು ನೆನಪಿನಿಂದ ಹೇಳಿದ. ಇಂದು ಧರ್ಮಪುರದ ಬಸ್ಸು ಹತ್ತಿದೆ.

ಗಿರಿಯಮ್ಮ ಎಂಬುವಳ ಮಗಳ ಮದುವೆಯಲ್ಲಿ ನಿಂಗಕ್ಕ ಹಾಡಿದ್ದಳಂತೆ. ಮನೆಗೆ ಬೀಗ. ಹಿಂದೆ ದಾಳಿಂಬೆ ಗಿಡ, ಗಿಡದ ತುಂಬಾ ಡಿವಿಡಿಗಳು. ದಾರ ಕಟ್ಟಿ ತೂಗುಬಿಟ್ಟಿದ್ದಾರೆ, ಬಿಸಿಲಿಗೆ ಮಿರಮಿರ ಮಿಂಚುತ್ತವೆ, ಗಿಣಿ ಬರದಿರಲಿ ಎಂದು. ಒಂದರ ಮೇಲೆ ಪ್ರಸನ್ನನ ಸ್ಟುಡಿಯೋದ ಹೆಸರು ಮಾಸಲಾಗಿ ಕಾಣುತ್ತಿತ್ತು. ಬೇಲಿ ದಾಟಿ ಹೋಗಿ ದಾರ ಹರಿದೆ.

"ಏಯ್! ಯಾವನಲೇ ಅವ್ನು?"

ಗಿರಿಯಮ್ಮ ಕುಡುಗೋಲು ಹಿಡಿದೇ ಬಂದಳು. ವಿಷಯ ಹೇಳಿದೆ. ಮದುವೆ ವಿಡಿಯೋ ತಂದು ಗಿಣಿಗೆ ಕಟ್ಟಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ ಅಂದೆ.

"ಮಗಳ ಮದುವೆ ನಂದು, ಗಿಡ ನಂದು, ಗಿಣಿ ತಿನ್ನೋ ಹಣ್ಣೂ ನಂದು. ಕೇಳ್ದೆ ಹೊಲಕ್ಕೆ ನುಗ್ಗಿ ಕಿತ್ಕಳಾಕೆ ನೀನ್ಯಾರಪ್ಪ? ಕಟ್ಟು ವಾಪಸ್ಸು."

ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ, ಎರಡನೇ ಸಲ ಕಟ್ಟಿಸಿದಳು. ಆಮೇಲೆ ಅವಳೇ ಬಿಚ್ಚಿ ಕೈಗೆ ಕೊಟ್ಟು, "ಈಗ ತಗಂಡು ಹೋಗು. ನಿಂಗಕ್ಕಂಗೆ ಮಾತು ಹೋತಂತಾ? ಎಂಥ ಹಾಡು ಹೇಳ್ತಿದ್ಲು ಮಾರಾಯ, ನನ್ನ ಬೀಗರನ್ನ ಬಯ್ದು ಬಯ್ದು ಅಳಿಸಿಬಿಟ್ಟಿದ್ಲು" ಅಂದು ನಕ್ಕಳು. ನೀರು ಕೊಟ್ಟಳು.

ಡಿವಿಡಿ ಬಿಸಿಲಿಗೆ ಸುಟ್ಟು ಗಾಜಿನ ಹಾಗಾಗಿತ್ತು. ಓಡಲಿಲ್ಲ.

ನವೆಂಬರ್ 16

ಮೂರು ಊರು ತಿರುಗಿದೆ. ಒಂದು ಮನೆಯಲ್ಲಿ ಇಲಿ ಕಡಿದಿದೆ. ಒಂದು ಮನೆಯಲ್ಲಿ ಗಂಡ ಹೆಂಡತಿ ಬೇರೆಯಾಗಿ, ಅವಳ ಕಡೆಯವರು ಡಿವಿಡಿಯನ್ನು ಒಲೆಗೆ ಹಾಕಿದ್ದಾರೆ. ಒಬ್ಬ ಮಹಾಶಯ "ಹೋದ್ರೆ ಹೋತು ಬಿಡ್ರಿ, ಯಾರು ನೋಡ್ತಾರೆ ಹಳೇ ಮದುವೇನ?" ಅಂದ. ಬಾಯಿಗೆ ಬಂದದ್ದನ್ನು ನುಂಗಿದೆ. ಅವನ ಮನೆ ಜಗುಲಿಯ ಮೇಲೆ ಕೂತಿದ್ದೆ, ಅವನ ನೀರು ಕುಡಿದಿದ್ದೆ.

ಸುಷ್ಮಿತಾ ಫೋನ್ ಮಾಡಿದ್ದಳು. ಮೊದಲ ಸಲ ದನಿ ಕೇಳಿದ್ದು. ಹೊಳಲ್ಕೆರೆಯಲ್ಲಿ ಎರಡು ಸಿಕ್ಕಿದ್ದವಂತೆ, ಎರಡರಲ್ಲೂ ಹಾಡಿನ ಮೇಲೆ ಸಿನಿಮಾ ಹಾಡು ಹಾಕಿದ್ದಾರಂತೆ. ಆಗಿನ ಫ್ಯಾಷನ್ನು. ಹಾಕಿದವನು ಪ್ರಸನ್ನನೇ. ನಿಂಗಕ್ಕ ಬಾಯಿ ಆಡಿಸುತ್ತಾಳೆ, ದನಿ ಬೇರೆ ಯಾರದೋ. ಪ್ರಸನ್ನನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಸುಷ್ಮಿತಾ ನನ್ನನ್ನು ಕೇಳಿದಳು. ಬೇಡ ಅಂದೆ.

ನವೆಂಬರ್ 20

ಸಿಕ್ಕಿತು. ಹಿರಿಯೂರಿನ ಹೊರಗೆ ಓಬಯ್ಯ ಎಂಬುವನ ಮನೆ. ಗೇಟಿನ ಹೊರಗೆ ನಿಂತೇ ಕೂಗಿ, ಒಳಗೆ ಬರಲೇ ಎಂದು ಕೇಳಿದೆ. ನಾಯಿ ಇದೆಯಲ್ಲ. ಓಬಯ್ಯ ಬಟ್ಟೆಯಲ್ಲಿ ಸುತ್ತಿಟ್ಟ ಡಿವಿಡಿ ತಂದು ತೋರಿಸಿದ. "ತ್ವಾಟದ ಕೆಲಸ ಮುಗ್ಸಿ ಬಂದ್ಮೇಲೆ ಕೊಡ್ತೀನಿ ಕುಂತ್ಕಳ್ರಿ" ಅಂದವನು ಬಹಳ ಹೊತ್ತು ಬರಲಿಲ್ಲ. ಕೂತಿದ್ದೆ.

ಮನೆಗೆ ತಂದು ಹಾಕಿದೆ. ಅರಿಶಿನದ ಶಾಸ್ತ್ರ, ಹೆಂಗಸರ ಗದ್ದಲ, ನಡುವೆ ಅವಳ ದನಿ. ಬೇರೆ ಯಾವ ಸಂಗೀತವೂ ಇಲ್ಲ. ಜನರೇಟರ್ ಸದ್ದು ಶುರುವಾಗುವವರೆಗೂ ಎರಡು ಹಾಡು ಪೂರ್ತಿ ಇವೆ. ಏಕಾಂತಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅವಳು ಬರುವಷ್ಟರಲ್ಲಿ ಮೊದಲನೆಯದು ಅರ್ಧ ಆಗಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಹಾಕಿದೆ.

ನವೆಂಬರ್ 24

ಕೈ ಸುಮ್ಮನಿರಲಿಲ್ಲ, ಜೋಡಿಯ ಒಳಗೆಲ್ಲ ಓದಿದೆ. ಹುಡುಗಿ ಚೆನ್ನಾಗಿ ಬರೆದಿದ್ದಾಳೆ. ಆದರೆ ಒಂದು ತೂತು ಇದೆ. ಅಗ್ಗದ ಡಬ್ಬಿಗಳಲ್ಲಿ ಡಿಸ್ಕಿನ ನಂಬರ್ ಓದಲು ಬರುವುದಿಲ್ಲ. ಆಗ ಜೋಡಿಯೂ ನನ್ನ ಹಳೆಯ ಖಾನೆ ಲೆಕ್ಕಕ್ಕೇ ಇಳಿದು, ಕೇಳದೆ ನಕಲು ಮಾಡುತ್ತದೆ.

ಅದಕ್ಕೊಂದು ತಿದ್ದುಪಡಿ ಬರೆದೆ. ನಕಲು ಮಾಡುವ ಮೊದಲು ಹೀಗೆ ತೋರಿಸುತ್ತದೆ: 'ಈ ಎರಡು ಡಿಸ್ಕು ಒಂದಕ್ಕೊಂದು ಹೊಂದ್ತಾ ಇಲ್ಲ. ಯಾರಾದ್ರೂ ಬಿಚ್ಚಿ ಒರೆಸಿದ್ರಾ? ನಕಲು ಮಾಡ್ಲಾ, ಬ್ಯಾಡ್ವಾ?' ಆ ತುಂಡಿಗೆ 'ದೀಪ' ಎಂದು ಹೆಸರಿಟ್ಟು ಸುಷ್ಮಿತಾಗೆ ಕಳಿಸಿದೆ. ಕಳಿಸಿ, ಬೇರೆಯವರ ಬಾಗಿಲಲ್ಲಿ ನಿಲ್ಲುವ ಗತಿ ಬಂತಲ್ಲ ಅನ್ನಿಸಿತು.

ನವೆಂಬರ್ 26

ವಾಪಸ್ ಕಳಿಸಿದ್ದಾಳೆ!

"ಸಾಲು ಚೆನ್ನಾಗೈತೆ ಮೂರ್ತಪ್ಪನವರೇ. ಆದ್ರೆ ಕೇಳ್ತೈತೆ, ಉತ್ತರಕ್ಕೆ ಕಾಯಲ್ಲ. ಕೇಳಿದ ತಕ್ಷಣ ನಕಲು ಶುರು ಆಗ್ತೈತೆ. ಹಿಂಗೇ ಸೇರಿಸ್ಕಳಾಕೆ ಆಗಲ್ಲ. ತಿದ್ದಿ ಕಳಿಸ್ರಿ."

ನನಗೆ ಹೇಳುತ್ತಾಳೆ. ಇವಳು ಸ್ಲೇಟು ಹಿಡಿಯುವಾಗ ನಾನು ಡಿಸ್ಕು ಹಿಡಿದಿದ್ದೆ. ಉತ್ತರ ಬರೆದೆ, ಎರಡು ಪುಟ. ಕಳಿಸುವ ಮೊದಲು ಓಡಿಸಿ ನೋಡಿದೆ.

ಹೌದು. ಕಾಯುವುದಿಲ್ಲ.

ಎರಡು ಪುಟವನ್ನೂ ಅಳಿಸಿ ಮಲಗಿದೆ.

ನವೆಂಬರ್ 30

ಹೊಸದುರ್ಗಕ್ಕೆ ಓಬಯ್ಯನ ಡಿವಿಡಿ ತೆಗೆದುಕೊಂಡು ಹೋದೆ. ಪ್ರಸನ್ನ ಟಿವಿಯನ್ನು ನಿಂಗಕ್ಕನ ಕುರ್ಚಿಯ ಮುಂದೆ ತಂದಿಟ್ಟಿದ್ದ. ತಲೆ ಬಾಚಿ ಹೂವು ಮುಡಿಸಿದ್ದ.

"ಅಕ್ಕ, ನಿನ್ನ ಹಾಡು ಸಿಕ್ಕೈತೆ. ಎರಡೇ. ಹಾಕ್ಲೇನಕ್ಕ?" ಅಂದೆ.

ಅವಳಿಗೆ ಏನು ಹೇಳಬೇಕಾದರೂ ಹೊತ್ತು ಹಿಡಿಯುತ್ತದೆ. ಎಡಗೈ ಏಳಬೇಕು, ಬೀಳುತ್ತದೆ, ಮತ್ತೆ ಏಳಬೇಕು. ಹೊರಗೆ ಒಂದು ಬಸ್ಸು ಬಂದು ನಿಂತು, ಜನ ಇಳಿದು, ಹೋಯಿತು. ರಿಮೋಟು ನನ್ನ ಕೈಯಲ್ಲೇ ಇತ್ತು.

ತಲೆ ಅಡ್ಡಡ್ಡ ಆಡಿಸಿದಳು.

"ಅವ್ವ, ನಿನ್ನ ಹಾಡವ್ವ! ಊರೂರು ತಿರುಗಿ ತಂದೀವಿ" ಅಂದ ಪ್ರಸನ್ನ.

ಮತ್ತೆ ಅಡ್ಡಡ್ಡ. ಕಣ್ಣು ಟಿವಿಯ ಕಡೆ ಇರಲಿಲ್ಲ, ಗೋಡೆಯ ಕಡೆ ಇತ್ತು. ಪ್ರಸನ್ನ ರಿಮೋಟಿಗೆ ಕೈ ಹಾಕಿದ. ಅವನ ಮುಂಗೈ ಹಿಡಿದೆ.

"ಬ್ಯಾಡ ಅಂದ್ಲಲ್ಲೋ. ಬಿಡು."

"ಒಂದ್ಸಲ ಕೇಳಿದ್ರೆ..."

"ಬಿಡಲೇ."

ಪ್ರಸನ್ನ ಹಿಂದಿನ ಕೋಣೆಗೆ ಹೋದ. ಅವನು ಅಳುವುದು ಕೇಳುತ್ತಿತ್ತು. ನಿಂಗಕ್ಕನಿಗೂ ಕೇಳಿರಬೇಕು. ನಾನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬಯ್ಯುತ್ತಾಳೇನೋ ಎಂದು ನೋಡಿದೆ. ಟಿವಿಯ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು.

ಹಾಡಿನ ಒಂದು ಪ್ರತಿಯನ್ನು ಪ್ರಸನ್ನನ ಮೇಜಿನ ಮೇಲೆ ಇಟ್ಟು ಬಂದೆ. ಇನ್ನೊಂದು ನನ್ನ ಹತ್ತಿರ ಇದೆ. ಓಬಯ್ಯನದನ್ನು ಅವನಿಗೆ ವಾಪಸ್ ಕೊಡಬೇಕು.

ಡಿಸೆಂಬರ್ 1

'ದೀಪ'ವನ್ನು ತಿದ್ದಿದೆ. ಈಗ ಉತ್ತರಕ್ಕೆ ಕಾಯುತ್ತದೆ. ಎಷ್ಟು ಹೊತ್ತಾದರೂ ಕಾಯುತ್ತದೆ, ನಡುವೆ ತಾನಾಗಿ ಏನನ್ನೂ ಮಾಡುವುದಿಲ್ಲ. ಇನ್ನೂ ಒಂದನ್ನು ಸೇರಿಸಿದೆ. 'ಬ್ಯಾಡ' ಅಂದರೆ ಎರಡನೇ ಸಲ ಕೇಳಬಾರದು, ಡಿಸ್ಕು ಮುಟ್ಟದೆ ಸುಮ್ಮನೆ ನಿಲ್ಲಬೇಕು.

ಅದನ್ನು ಸುಷ್ಮಿತಾ ಕೇಳಿರಲಿಲ್ಲ.